ಗೃಹಶಿಕ್ಷಣ: ಮಗುವಿನ ಮೊದಲ ಪಿಯಾನೋ ಪಾಠ

ಮಗುವಿಗೆ ಪಿಯಾನೋ ಕಲಿಸಬೇಕೆಂಬ ಹಂಬಲವು ನಮ್ಮ ಗೃಹಸ್ಥರಲ್ಲಿ ಅನೇಕರಿಗುಂಟು. ವಾದ್ಯವನ್ನು ಕೊಳ್ಳುವುದೂ ಉಪಾಧ್ಯಾಯರನ್ನು ಗೊತ್ತುಮಾಡುವುದೂ ಹಣದಿಂದಾಗುವ ಕೆಲಸಗಳು. ಆದರೆ ಪಾಠ ನಡೆಯುವುದು ಸಾಮಾನ್ಯವಾಗಿ ವಾರಕ್ಕೊಂದು ದಿನ. ಮಿಕ್ಕ ಆರು ದಿನಗಳೂ ಮಗು ವಾದ್ಯದ ಮುಂದೆ ಒಂಟಿ. ಅದು ಪಿಯಾನೋವನ್ನು ಪ್ರೀತಿಸುವುದೋ ದ್ವೇಷಿಸುವುದೋ ಎಂಬುದು ಬಹುಮಟ್ಟಿಗೆ ಈ ಆರು ದಿನಗಳಲ್ಲಿಯೇ ತೀರ್ಮಾನವಾಗುತ್ತದೆ. "ನಮಗೆ ಸಂಗೀತವೇ ಬಾರದು, ನಾವೇನು ಮಾಡಬಲ್ಲೆವು?" ಎನ್ನುವ ತಂದೆತಾಯಂದಿರಿಗಾಗಿಯೇ ಈ ನಾಲ್ಕು ಮಾತು.

ಮೊದಲು ಆಸನವನ್ನು ನೋಡಿರಿ. ಐದಾರು ವರ್ಷದ ಮಗುವಿನ ಕಾಲು ನೆಲಕ್ಕೆ ಎಟುಕುವುದಿಲ್ಲ. ಕಾಲು ತೂಗಾಡುತ್ತಿದ್ದರೆ ಮಗು ಬೀಳದಿರಲೆಂದು ಬೆನ್ನನ್ನೂ ಹೆಗಲನ್ನೂ ಬಿಗಿಹಿಡಿಯುತ್ತದೆ. ಆ ಬಿಗಿತ ಬೆರಳಿಗೂ ಇಳಿಯುತ್ತದೆ. ಕಾಲ ಕೆಳಗೆ ಒಂದು ಎತ್ತರದ ಮಣೆಯನ್ನಿಡಿರಿ. ಮೊಣಕೈ ವಾದ್ಯದ ಮಟ್ಟಕ್ಕೆ ಬರುವಂತೆ ಪೀಠದ ಮೇಲೆ ಮಡಿಸಿದ ಜಮಖಾನೆಯನ್ನು ಹಾಸಿರಿ. ಉಗುರು ಕತ್ತರಿಸಿರಲಿ.

ಹಾರ್ಮೋನಿಯಮ್ಮಿನ ರೂಢಿಯಂತೆ ಇಲ್ಲಿಯೂ ಒತ್ತುವ ಪಟ್ಟಿಗಳನ್ನು 'ಮನೆ'ಗಳೆಂದೇ ಕರೆಯೋಣ. ಪೂರ್ಣ ಪಿಯಾನೋವಿನಲ್ಲಿ ಮನೆಗಳು 88. ಅವುಗಳಲ್ಲಿ ಬಿಳಿಯವು 52, ಕರಿಯವು 36. ಕರಿಯ ಮನೆಗಳು ಎರಡೆರಡಾಗಿಯೂ ಮೂರುಮೂರಾಗಿಯೂ ಗುಂಪುಗೂಡಿ ನಿಂತಿರುತ್ತವೆ. ಎಡತುದಿಯಲ್ಲಿ ಮಾತ್ರ ಒಂದು ಒಂಟಿ. ಮೊದಲ ದಿನ ಮಗುವಿಗೆ ಅಕ್ಷರಗಳ ಹೆಸರು ಬೇಡ. ಎರಡರ ಗುಂಪುಗಳೆಷ್ಟು, ಮೂರರವೆಷ್ಟು ಎಂದು ಹುಡುಕಲಿ. ಒಂದೊಂದೂ ಏಳು ಸಿಕ್ಕುವುವು. ಎರಡರ ಗುಂಪಿನ ಎಡ ಮಗ್ಗುಲಿಗಿರುವ ಬಿಳಿಯ ಮನೆಯೇ 'ಸಿ' ಎಂದು ಮರುದಿನ ತೋರಿಸಿದರೆ ಅದು ಮರೆಯಲಾರದು. ಮನೆಗಳ ಮೇಲೆ ಅಕ್ಷರದ ಚೀಟಿ ಅಂಟಿಸುವುದು ನಮಗೆ ಒಪ್ಪಿಗೆಯಿಲ್ಲ. ಮಗು ಚೀಟಿಯನ್ನು ಓದುತ್ತದೆಯೇ ಹೊರತು ವಾದ್ಯವನ್ನು ನೋಡುವುದಿಲ್ಲ. ಇನ್ನೊಂದು ಮಾತು: ಊಟಕ್ಕೆ ಎಡಗೈ ಚಾಚಿದರೆ ಗದರಿಸುವುದು ನಮ್ಮ ಮನೆಗಳ ಪದ್ಧತಿ. ಇಲ್ಲಿ ಎರಡು ಕೈಗಳಿಗೂ ಸಮಾನ ಮರ್ಯಾದೆಯೆಂಬುದನ್ನು ಮಗುವಿಗೆ ಬಾಯಿಬಿಟ್ಟು ಹೇಳಬೇಕು.

ಹಾಡುಗಾರಿಕೆಯ ಪಾಠವೂ ನಡೆಯುವ ಮನೆಗಳಲ್ಲಿ ಒಂದು ವಿಚಿತ್ರವಾದ ತೊಡಕು ಹುಟ್ಟುವುದುಂಟು. ಸರಳೆ ವರಸೆಗಳನ್ನು ನಾವು ಕಲಿಸುವುದು ಮಾಯಾಮಾಳವಗೌಳದಲ್ಲಿ. ಮಗು 'ಸಿ'ಯನ್ನು ಷಡ್ಜವಾಗಿಟ್ಟುಕೊಂಡು ಬಿಳಿಯ ಮನೆಗಳನ್ನೇ ಸಾಲಾಗಿ ಒತ್ತಿದರೆ ಎರಡನೆಯ ಸ್ವರವೇ ಅದರ ಕಿವಿಗೆ ಒಪ್ಪುವುದಿಲ್ಲ. ಕಿವಿಯದು ತಪ್ಪಲ್ಲ. ಆ ರಾಗದ ಶುದ್ಧ ರಿಷಭವೂ ಶುದ್ಧ ಧೈವತವೂ ಕರಿಯ ಮನೆಗಳಲ್ಲಿವೆ. ಬಿಳಿಯ ಸಾಲು ಶಂಕರಾಭರಣದ್ದು. ಇದನ್ನು ತಿಳಿಸದಿದ್ದರೆ ಮಗು ಇಬ್ಬರು ಗುರುಗಳಲ್ಲಿ ಒಬ್ಬರನ್ನು ನಂಬದೆ ಹೋಗುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಹೊಂದಿಸಿ ರಚಿಸಿದ ನೋಟುಸ್ವರಗಳು ಶಂಕರಾಭರಣದವು. ಅವುಗಳಲ್ಲಿ 'ಶಕ್ತಿಸಹಿತ ಗಣಪತಿಂ' ಎಂಬುದನ್ನು ಎಷ್ಟೋ ಮಕ್ಕಳು ಬಲ್ಲರು. ಅದನ್ನು ಬಿಳಿಯ ಮನೆಗಳ ಮೇಲೆ ಒಂದೇ ಬೆರಳಿನಿಂದ ತಾನೇ ಹುಡುಕಲು ಬಿಡಿರಿ. ಬಲ್ಲ ಹಾಡು ಕೈಗೆ ಸಿಕ್ಕಿದಾಗ ಮಗುವಿನ ಮುಖವನ್ನು ನೋಡಬೇಕು!

ಪಿಯಾನೋವಿನಿಂದ ಸ್ವರಜ್ಞಾನ ಕೆಟ್ಟೀತೆಂದು ಕೆಲವು ಹಿರಿಯರು ಅಂಜುತ್ತಾರೆ. ಆ ವಾದ್ಯದಲ್ಲಿ ಗಮಕವನ್ನು ಎಳೆಯಲಾಗದೆಂಬುದು ನಿಜ; ತೋಡಿಯ ಗಾಂಧಾರವನ್ನು ಅದರಿಂದ ನಿರೀಕ್ಷಿಸಬಾರದು. ಆದರೆ ಮೈಸೂರಿನ ಜಯಚಾಮರಾಜ ಒಡೆಯರು ಪಿಯಾನೋವನ್ನು ಶ್ರದ್ಧೆಯಿಂದ ಕಲಿತವರು. ರಷ್ಯದ ವಾಗ್ಗೇಯಕಾರ ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೆ ಅರ್ಪಿಸಿದರು. ಅದೇ ಒಡೆಯರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಕರ್ಣಾಟಕ ಸಂಗೀತದ ಕೃತಿಗಳನ್ನೂ ರಚಿಸಿದರು. ಒಂದು ವಿದ್ಯೆ ಮತ್ತೊಂದಕ್ಕೆ ಅಡ್ಡಬರಲಿಲ್ಲ.

ಅಭ್ಯಾಸಕ್ಕೆ ಮೊದಮೊದಲು ದಿನಕ್ಕೆ ಹತ್ತು ನಿಮಿಷ ಸಾಕು. ಆದರೆ ದಿನವೂ ಆಗಬೇಕು. ಆ ಹತ್ತು ನಿಮಿಷ ತಾಯಿಯೋ ತಂದೆಯೋ ಪಕ್ಕದಲ್ಲಿ ಸುಮ್ಮನೆ ಕುಳಿತಿರಲಿ. ಬೆರಳು ತಪ್ಪಿದೊಡನೆ "ತಪ್ಪು" ಎನ್ನಬೇಡಿರಿ. ಮಗುವಿಗೂ ಅದು ಕೇಳಿಸಿರುತ್ತದೆ. ಬಾಖ್ 1720ರಲ್ಲಿ ತನ್ನ ಒಂಬತ್ತು ವರ್ಷದ ಮಗನಿಗಾಗಿ ಪಾಠಗಳ ಪುಸ್ತಕವೊಂದನ್ನು ತೆರೆದನು. ಶೂಮನ್ 1848ರಲ್ಲಿ ಹಿರಿಯ ಮಗಳ ಏಳನೆಯ ಹುಟ್ಟುಹಬ್ಬಕ್ಕೆಂದು ಪುಟ್ಟ ಪುಟ್ಟ ರಚನೆಗಳನ್ನು ಬರೆದನು. ನಾವು ಬಾಖರಲ್ಲ, ಪಕ್ಕದಲ್ಲಿ ಕೂರಲು ಬಾಖನೇ ಆಗಬೇಕಾಗಿಯೂ ಇಲ್ಲ.

ನೆಂಟರಿಷ್ಟರು ಬಂದಾಗ "ಎಲ್ಲಿ, ಒಂದು ನುಡಿಸು" ಎಂದು ಮಗುವನ್ನು ಎಳೆತಂದು ಕೂಡಿಸುವ ಚಪಲವನ್ನು ಮೊದಲ ವರ್ಷವಾದರೂ ತಡೆದುಕೊಳ್ಳಬೇಕು. ತಾನಾಗಿ ಬಂದು ನುಡಿಸಿದರೆ ಸಂತೋಷ. ಒಲ್ಲೆನೆಂದು ಹಟ ಹಿಡಿಯುವ ದಿನಗಳೂ ಬಂದೇ ಬರುವುವು. ಅಂದು ನೀವೇ ಪೀಠದ ಮೇಲೆ ಕುಳಿತು, 'ಸಿ' ಎಲ್ಲಿದೆಯೆಂದು ಮಗುವನ್ನು ಕೇಳಿರಿ. ನಿಮ್ಮ ಬೆರಳು ತಪ್ಪಿದರೆ ಅದು ಸುಮ್ಮನಿರುವುದಿಲ್ಲ. ಓಡಿಬಂದು ನಿಮ್ಮ ಕೈಹಿಡಿದು ತಿದ್ದುತ್ತದೆ.