ಸೊಂಟ ಹಿಡಿಯುವ ಮೊದಲೇ ಬಿಡುವು ಕೊಡಿ

ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಹಂಪಿಗೆ ಬಂದಾಗ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟ. ಅರಸ ನಸುಕಿಗೂ ಮುನ್ನ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಬಳಿದುಕೊಂಡು, ಭಾರ ಎತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸಿ, ಆಮೇಲೆ ಜಟ್ಟಿಯೊಬ್ಬನೊಡನೆ ಕುಸ್ತಿಗಿಳಿಯುತ್ತಿದ್ದನಂತೆ. ಅದು ಮುಗಿದರೆ ಬೆಳಕು ಹರಿಯುವತನಕ ಕುದುರೆ ಸವಾರಿ.

ಆದರೆ ಹೀಗೆ ಚರ್ಮಕ್ಕೆ ಹಚ್ಚಿದ ಎಣ್ಣೆ ಸ್ನಾಯುವಿನವರೆಗೆ ಇಳಿಯುವುದಿಲ್ಲ. ಇಳಿಯಬೇಕಾಗಿಯೂ ಇಲ್ಲ, ಒಳಗಿನ ಜಾರುಎಣ್ಣೆಯನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಅದರ ಹೆಸರು ಹಯಲುರಾನಿಕ್ ಆಮ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಮೊದಲು ಹಸುವಿನ ಕಣ್ಣಿನಲ್ಲಿ ಕಂಡರು. ಸ್ನಾಯುಗಳನ್ನು ಸುತ್ತಿರುವ ಫೇಶಿಯಾ ಎಂಬ ಪೊರೆಯ ಪದರಗಳ ನಡುವೆಯೂ ಇದೇ ಇದೆ. ಇದನ್ನು ಸ್ರವಿಸುವ ವಿಶೇಷ ಕೋಶಗಳು ಫೇಶಿಯಾದಲ್ಲಿವೆ ಎಂದು ಇಟಲಿಯ ಪಡುವಾ ವಿಶ್ವವಿದ್ಯಾಲಯದ ಕಾರ್ಲಾ ಸ್ಟೆಕ್ಕೊ ತಂಡ 2018ರಲ್ಲಿ ವಿವರಿಸಿತು.

ಮೈ ಆಡುತ್ತಿದ್ದರೆ, ಬೆಚ್ಚಗಿದ್ದರೆ ಈ ದ್ರವ ತೆಳುವಾಗುತ್ತದೆ, ಪದರಗಳು ಸಲೀಸಾಗಿ ಜಾರುತ್ತವೆ. ಹೊತ್ತುಗಟ್ಟಲೆ ಒಂದೇ ಭಂಗಿಯಲ್ಲಿದ್ದರೆ ಅದು ಗಟ್ಟಿಯಾಗಿ ಅಂಟಂಟಾಗುತ್ತದೆ, ಬಿಗಿತ ಶುರುವಾಗುವುದು ಅಲ್ಲಿಂದಲೇ ಎಂಬುದು ಈ ಸಂಶೋಧಕರ ವಿವರಣೆ. ಸಂಶೋಧಕಿ ಹೆಲೆನ್ ಲ್ಯಾಂಜೆವಿನ್ ಅವರ ತಂಡ 2011ರಲ್ಲಿ ಅಲ್ಟ್ರಾಸೌಂಡ್ ಹಿಡಿದು ನೋಡಿದಾಗ, ದೀರ್ಘಕಾಲದ ಸೊಂಟನೋವು ಇದ್ದವರಲ್ಲಿ ಬೆನ್ನಿನ ಫೇಶಿಯಾದ ಜಾರಾಟ ಉಳಿದವರಿಗಿಂತ ಸುಮಾರು ಶೇ 20ರಷ್ಟು ಕಡಿಮೆ ಇತ್ತು.

ಈಗ ಸಂಡೂರಿಗೆ ಬನ್ನಿ. ಇಲ್ಲಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಆ ಸೊಬಗಿನ ಹಿಂದೆ ಬಗ್ಗಿದ ಕತ್ತುಗಳಿವೆ. ಕನ್ನಡಿ ಚೂರಿನ ಸುತ್ತ ದಾರ ಹೊಲಿಯುವಾಗ ಗಲ್ಲ ಎದೆಯತ್ತ ವಾಲಿರುತ್ತದೆ, ಬಟ್ಟೆ ಹಿಡಿದ ಎಡಗೈ ಮಿಸುಕುವುದಿಲ್ಲ, ಓಡಾಡುವುದು ಸೂಜಿ ಹಿಡಿದ ಬೆರಳಷ್ಟೇ. ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವವರ ಸೊಂಟಕ್ಕೂ ಹೊಸಪೇಟೆ ದಾರಿಯ ಅದಿರು ಲಾರಿ ಚಾಲಕರ ಬೆನ್ನಿಗೂ ಇದೇ ಪಾಡು.

ಇವರೆಲ್ಲರಿಗೂ ಸಿಗುವ ಮದ್ದು ಒಂದೇ, ಮೆಡಿಕಲ್ ಶಾಪಿನ ನೋವಿನ ಗುಳಿಗೆ. ಬೇನೆ ಆ ಹೊತ್ತಿಗೆ ಅಡಗೀತು, ನಿಂತ ಮೈ ಆಡೀತೆ? ವರ್ಷಗಟ್ಟಲೆ ನುಂಗಿದರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಪೆಟ್ಟು. ಕಾಲು ಜೋಮು ಹಿಡಿದರೆ, ಬಲ ಕುಂದಿದರೆ ಮಾತ್ರ ತಡಮಾಡದೆ ವೈದ್ಯರನ್ನೇ ಕಾಣಬೇಕು. ಬರೀ ಬಿಗಿತಕ್ಕೆ ಬೇಕಿರುವುದು ಗಂಟೆಗೊಮ್ಮೆ ಎದ್ದು ತೋಳು ತಿರುಗಿಸಿ, ಸೊಂಟ ಹಿಂದಕ್ಕೆ ಬಾಗಿಸಿ, ನಾಲ್ಕು ಹೆಜ್ಜೆ ಹಾಕುವಷ್ಟು ಪುರಸತ್ತು.

ಆ ಪುರಸತ್ತು ಬಡವರ ಕೈಯಲ್ಲಿಲ್ಲ. ಗುತ್ತಿಗೆ ನಾಟಿಯಲ್ಲಿ, ಪೀಸ್ ಲೆಕ್ಕದ ಕೆಲಸದಲ್ಲಿ, ಟ್ರಿಪ್ ಲೆಕ್ಕದ ಲಾರಿಯಲ್ಲಿ ಐದು ನಿಮಿಷ ನಿಂತರೂ ಕೂಲಿ ಕರಗುತ್ತದೆ. ಹಾಗಾಗಿ ದರ ಗೊತ್ತುಮಾಡುವಾಗಲೇ ಮಾಲೀಕರು, ಗುತ್ತಿಗೆದಾರರು ಬಿಡುವಿನ ಹೊತ್ತನ್ನೂ ಕೆಲಸದ ಹೊತ್ತೆಂದೇ ಹಿಡಿಯಬೇಕು. ಕಾರ್ಮಿಕ ಇಲಾಖೆ ಅದನ್ನು ಬರವಣಿಗೆಯಲ್ಲಿ ಕೇಳಬೇಕು.