ಮ್ಯೂಸಿಯಂ ಒಳಗಿರೋದು ನಮ್ಮೂರ ಕಲ್ಲು

ಹಳ್ಳಿಯಿಂದ ಬೆಂಗಳೂರಿಗೆ ನಾವು ಯಾಕೆ ಹೋಗುತ್ತೇವೆ? ಹೈಕೋರ್ಟಿನ ಕೇಸು, ಆಸ್ಪತ್ರೆ, ವಿಧಾನಸೌಧದಲ್ಲಿ ಒಂದು ಅರ್ಜಿ, ಮಕ್ಕಳ ಇಂಟರ್‌ವ್ಯೂ. ಕೆಲಸ ಮುಗಿದರೆ ಸೀದಾ ಮೆಜೆಸ್ಟಿಕ್‌ಗೆ ಬಂದು ಬಸ್ಸು ಹತ್ತುತ್ತೇವೆ.

ಹೈಕೋರ್ಟಿನ ಹಿಂದೆ ಕಬ್ಬನ್ ಪಾರ್ಕ್ ಇದೆ. ಅದನ್ನು ದಾಟಿದರೆ ಕಸ್ತೂರಬಾ ರಸ್ತೆ. ಅಲ್ಲಿ ಸಾಲಾಗಿ ಮ್ಯೂಸಿಯಂಗಳಿವೆ. ಆದರೆ ನಾವು ಆ ಕಡೆ ಹೋಗುವುದಿಲ್ಲ. ಮ್ಯೂಸಿಯಂ ಅಂದರೆ ಓದಿದವರಿಗೆ, ಟೂರಿಸ್ಟರಿಗೆ ಅಂದುಕೊಂಡಿದ್ದೇವೆ. ಇದು ತಪ್ಪು ಎಂಬುದು ನಮ್ಮ ಅಭಿಪ್ರಾಯ. ಯಾಕೆಂದರೆ ಅಲ್ಲಿರುವ ಎಷ್ಟೋ ವಸ್ತುಗಳು ನಮ್ಮ ಊರುಗಳಿಂದಲೇ ಹೋಗಿವೆ.

ಎತ್ತರದ ಕಂಬಗಳ ಕೆಂಪು ಕಟ್ಟಡವೇ ಸರ್ಕಾರಿ ವಸ್ತುಸಂಗ್ರಹಾಲಯ. ಸಂಗ್ರಹಾಲಯ ಶುರುವಾಗಿದ್ದು 1865ರಲ್ಲಿ, ಈ ಕಟ್ಟಡ 1877ರದು. ಇಲ್ಲಿನ ಸಂಗ್ರಹದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವಿದೆ. ಹತ್ತನೇ ಶತಮಾನದ ಕಲ್ಲು. ಅದರ ಮೇಲೆ ಒಂದು ನಾಯಿ ಹಂದಿಯ ಮೇಲೆ ಎರಗಿದೆ. ನಾಯಿಯ ಹೆಸರು ಕಾಳಿ. ಕಾಡುಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಗೂ ಏರ್ಪಾಡು ಮಾಡಿದರು. ಚೋಳರ ರಾಜಾದಿತ್ಯ ತಕ್ಕೋಲದ ಯುದ್ಧದಲ್ಲಿ ಮಡಿದ ಸುದ್ದಿಯೂ ಇದೇ ಕಲ್ಲಿನಲ್ಲಿದೆ. ರಾಜನ ಸಾವು, ನಾಯಿಯ ಸಾವು ಎರಡನ್ನೂ ಒಂದೇ ಕಲ್ಲಿನಲ್ಲಿ ಬರೆದ ಊರು ಅದು!

ಬೇಗೂರಿನ ವೀರಗಲ್ಲೂ ಇಲ್ಲಿಯದೇ. ಗಂಗರ ಕಾಲದ್ದು. ಆನೆ, ಕುದುರೆ, ಕಾಲಾಳುಗಳ ಕಾಳಗವನ್ನು ಒಂದೇ ಚಪ್ಪಡಿಯಲ್ಲಿ ಕೆತ್ತಿದ್ದಾರೆ.

ಪಕ್ಕದಲ್ಲೇ ವೆಂಕಟಪ್ಪ ಆರ್ಟ್ ಗ್ಯಾಲರಿ. ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಕೆ. ವೆಂಕಟಪ್ಪ ಮೈಸೂರು ಅರಮನೆಗೆ ಕೆಲಸ ಮಾಡಿದ ಕಲಾವಿದರು. ಅದೇ ರಸ್ತೆಯಲ್ಲಿ ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಂ ಇದೆ, ಮಕ್ಕಳು ಅಲ್ಲಿಂದ ಬೇಗ ಹೊರಡುವುದಿಲ್ಲ. 2023ರಲ್ಲಿ ತೆರೆದ ‘ಮ್ಯಾಪ್’ ಎಂಬ ಕಲೆ ಮತ್ತು ಛಾಯಾಚಿತ್ರ ಮ್ಯೂಸಿಯಂ ಹೊರಗಿನಿಂದ ಥೇಟ್ ಸ್ಟೀಲಿನ ನೀರಿನ ಟ್ಯಾಂಕ್. ವಾಸ್ತುಶಿಲ್ಪ ಎಂಬ ದೊಡ್ಡ ಮಾತಿಗೆ ಹೆದರಬೇಕಿಲ್ಲ, ಟ್ಯಾಂಕು ನಮಗೆ ಗೊತ್ತಿಲ್ಲದ್ದೇನಲ್ಲ.

ಇಷ್ಟೆಲ್ಲ ಹೇಳಲು ಕಾರಣವಿದೆ. ಇಂಥ ಕಲ್ಲುಗಳು ಇಂದಿಗೂ ನಮ್ಮ ಊರುಗಳಲ್ಲಿವೆ. ಕೆಲವಕ್ಕೆ ಪೇಂಟ್ ಬಳಿದಿದ್ದೇವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ರಸ್ತೆ ಅಗಲ ಮಾಡುವಾಗ ಜೆಸಿಬಿ ಬಾಯಿಗೆ ಹೋಗಿವೆ. ಆತಕೂರಿನ ಕಲ್ಲನ್ನು ಒಮ್ಮೆ ನೋಡಿ ಬಂದವರು ತಮ್ಮೂರ ಕಲ್ಲಿನ ಮೇಲೆ ಬಟ್ಟೆ ಒಗೆಯಲಾರರು.

ಸರ್ಕಾರಕ್ಕೆ ನಮ್ಮದೊಂದು ಬೇಡಿಕೆ: ಮ್ಯೂಸಿಯಂ ಸೇರಿದ ಪ್ರತಿ ಕಲ್ಲಿನ ಚಿತ್ರ ಮತ್ತು ಕಥೆ, ಸರಳ ಕನ್ನಡದಲ್ಲಿ, ಅದು ಬಂದ ಊರಿನ ಶಾಲೆ ಗೋಡೆಯ ಮೇಲಿರಲಿ. ಪಂಚಾಯಿತಿಗೂ ಒಂದು ಬೇಡಿಕೆ: ಊರಲ್ಲೇ ಉಳಿದ ಕಲ್ಲುಗಳ ಫೋಟೊ ತೆಗೆದು ಪಟ್ಟಿ ಮಾಡಿ.

ನಮ್ಮ ಪಾಲಿನದು ಸುಲಭ. ಮುಂದಿನ ಸಲ ಕೇಸಿಗೆ ಮುಂದಿನ ತಾರೀಕು ಸಿಕ್ಕಮೇಲೆ ಎರಡು ಗಂಟೆ ಉಳಿಸಿಕೊಳ್ಳಿ. ಸರ್ಕಾರಿ ಮ್ಯೂಸಿಯಂಗೆ ಸೋಮವಾರ ರಜೆ. ದುರಸ್ತಿಗೆಂದು ಮುಚ್ಚಿರುವುದೂ ಉಂಟು, ಮೊದಲೇ ವಿಚಾರಿಸಿ ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕಾಳಿಯ ಕಥೆ ಹೇಳಿ.