ಮತದ ಸಾಲಿನಲ್ಲಿ ನಿಂತವರು

ಒಂದೇ ಮತದಿಂದ ಫಲಿತಾಂಶ ಬದಲಾಗುವುದು ಅತಿ ವಿರಳವೆಂಬುದನ್ನು ಅರಿತೂ, ಧಾರವಾಡದ ಓಣಿಗಳಲ್ಲಿ ವೃದ್ಧೆಯರು ಮೊಮ್ಮಕ್ಕಳ ಹೆಗಲನ್ನಾಶ್ರಯಿಸಿ ಮತಗಟ್ಟೆಗೆ ನಡೆದು ಬರುವರಲ್ಲವೆ, ಅದರ ಕಾರಣವನ್ನು ಗಣಿತದಲ್ಲಿ ಅರಸುವುದು ವ್ಯರ್ಥ. ಈ ಪ್ರಾಂತವು ಇನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ 1952ರ ಪ್ರಥಮ ಮಹಾಚುನಾವಣೆಯಲ್ಲಿ, ಅಕ್ಷರವರಿಯದ ರೈತನಿಗೂ ವಿದ್ವಾಂಸನಾದ ವಕೀಲನಿಗೂ ದೊರೆತದ್ದು ಸಮಾನ ಬೆಲೆಯ ಒಂದೊಂದೇ ಮತ. ಆ ಸಮಾನತೆಯ ಅನುಭವವು, ನನ್ನ ಮಟ್ಟಿಗೆ, ಯಾವ ಆಶ್ವಾಸನೆಗಿಂತಲೂ ಮಿಗಿಲಾದುದು. 2019ರಲ್ಲಿ ಅವಧಿ ತೀರಿದ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ 2021ರ ಸೆಪ್ಟೆಂಬರ್ 3ರವರೆಗೆ ಚುನಾವಣೆಯೇ ನಡೆಯದೆ, ತಮ್ಮ ವಾರ್ಡಿನ ಸದಸ್ಯನೆಂದು ಹೇಳಿಕೊಳ್ಳಲು ಯಾರೂ ಇಲ್ಲದ ಆ ದೀರ್ಘಕಾಲದಲ್ಲಿ, ಮತವಿಲ್ಲದ ನಗರದ ಅನಾಥಸ್ಥಿತಿಯನ್ನು ಜನರು ಕಣ್ಣಾರೆ ಕಂಡರು. ಕಡೆಗೆ 82 ವಾರ್ಡುಗಳಲ್ಲಿ ಮತದಾನ ನಡೆದಂದು ಸಾಲುಗಟ್ಟಿ ನಿಂತವರು ಬಯಸಿದ್ದು, ನಳ ಬಾರದ ದಿನ ಬಾಗಿಲು ತಟ್ಟಿ ಕೇಳಬಹುದಾದ ಒಬ್ಬ ಮನುಷ್ಯನನ್ನು.